ಮೂವತ್ತೆರಡು ಸೆಕೆಂಡಿನ ಬ್ರಹ್ಮಕಮಲ

ಅಡ್ಯಾರಿನಲ್ಲಿದ್ದೇನೆ ಅಂದರೆ ಊರ ಕಡೆಯವರು ಮೊದಲು ಕೇಳುವುದು, "ಹೌದಾ, ಮಂಗಳೂರಿಗೆ ಬಂದ್ಯಾ?" ಎಂದು. ಅವರ ತಪ್ಪಲ್ಲ. ಮಂಗಳೂರಿನ ಹತ್ತಿರ, ನೇತ್ರಾವತಿಯ ದಡದಲ್ಲಿ ಒಂದು ಅಡ್ಯಾರ್ ಇದೆ. ನನ್ನದು ಇನ್ನೊಂದು, ಚೆನ್ನೈಯದು, ಅಡ್ಯಾರ್ ಹೊಳೆ ಸಮುದ್ರ ಸೇರುವ ಕಡೆಯದು. ತುಂಗೆಯ ನೀರು ಕುಡಿದು ಬೆಳೆದವಳಿಗೆ ಆ ಕಪ್ಪು ನೀರನ್ನು ಹೊಳೆ ಅನ್ನಲು ನಾಲಿಗೆ ಬರುತ್ತಿರಲಿಲ್ಲ. 2015ರ ಡಿಸೆಂಬರಿನಲ್ಲಿ ಅದು ನಮ್ಮ ಬೀದಿಗೇ ಬಂದು, ಕೆಳಗಿನ ಮನೆಯ ಗ್ಯಾಸ್ ಸಿಲಿಂಡರನ್ನು ತೇಲಿಸಿ, ತಾನೂ ಹೊಳೆಯೇ ಎಂದು ತೋರಿಸಿಕೊಟ್ಟ ಮೇಲೆ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಎರಡನೇ ಮಹಡಿಯ ಬಾಡಿಗೆ ಮನೆ. ಮೇಲೆ ಟೆರೇಸು. ಆ ಟೆರೇಸಿನ ಮೂಲೆಯಲ್ಲಿ, ಪೇಂಟ್ ಡಬ್ಬದಲ್ಲಿ, ಒಂದು ಬ್ರಹ್ಮಕಮಲದ ಗಿಡ ಇದೆ. 2014ರಲ್ಲಿ ತೀರ್ಥಹಳ್ಳಿಯಿಂದ ಹೊರಡುವಾಗ ಅಮ್ಮ ತನ್ನ ಗಿಡದ ಒಂದು ಎಲೆಯನ್ನು ಒದ್ದೆ ಪೇಪರಿನಲ್ಲಿ ಸುತ್ತಿ ನನ್ನ ಚೀಲದ ಹತ್ತಿರ ಇಟ್ಟು, "ನಾ ಕೊಟ್ಟಿದ್ದಲ್ಲ, ನೀನೇ ಕದ್ದುಕೊಂಡು ಹೋಗು, ಕದ್ದ ಗಿಡ ಚೆನ್ನಾಗಿ ಬರ್ತದೆ" ಅಂದಿದ್ದಳು. ನಾನು ಕದಿಯುವಾಗ ಅವಳು ಆ ಕಡೆ ತಿರುಗಿ ನಿಂತಿದ್ದಳು. ಗಿಡವೇನೋ ಬಂತು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಂದಾಗ ಕುಂಡ ಹಾರಿ ಬಿದ್ದು ಚೂರಾಯಿತು. ಆಗಿನಿಂದ ಅದರ ವಾಸ ಪೇಂಟ್ ಡಬ್ಬದಲ್ಲಿ. ಆದರೆ ಹೂವಿನ ಸುದ್ದಿಯೇ ಇಲ್ಲ. ಪ್ರತೀ ಮಳೆಗಾಲ ಅಮ್ಮ ಫೋನಿನಲ್ಲಿ "ಮೊಗ್ಗು ಬಂತನೇ?" ಅನ್ನುತ್ತಿದ್ದಳು. ಇಲ್ಲ ಅನ್ನುತ್ತಿದ್ದೆ. 2022ರ ಆಷಾಢದಲ್ಲಿ ಅಮ್ಮ ಹೋದಳು. ಅದೇ ಮಳೆಗಾಲದಲ್ಲಿ ಊರಿನ ಗಿಡವೂ ಬುಡ ಕೊಳೆತು ಹೋಯಿತು.

2024ರ ಬೇಸಿಗೆಯಲ್ಲಿ ಅಪ್ಪಯ್ಯ ಬಂದರು. ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ವಿಜ್ಞಾನ ಕಲಿಸಿದ ಮೇಷ್ಟ್ರು. ಈಗ ಎಪ್ಪತ್ತೆಂಟು. ಬಂದ ವಾರದಲ್ಲೇ ಥಿಯಸಾಫಿಕಲ್ ಸೊಸೈಟಿಯ ಆಲದ ಮರ ನೋಡಬೇಕೆಂದರು. ಕರೆದುಕೊಂಡು ಹೋದೆ. ಇಡೀ ತೋಪಿನಷ್ಟು ಹರಡಿಕೊಂಡ ಮರ. ಅಪ್ಪಯ್ಯ ಮಾತ್ರ ಅದರ ನಡುವೆ ಏನನ್ನೋ ಹುಡುಕುತ್ತ ತಿರುಗಿದರು. "ಬುಡ ಎಲ್ಲಿ?" ಬುಡ 1989ರ ಗಾಳಿಮಳೆಗೇ ಬಿದ್ದುಹೋಯಿತು, ಈಗಿರುವುದೆಲ್ಲ ಬಿಳಲು ಎಂದೆ. ಮೇಷ್ಟ್ರು ಒಂದು ಬಿಳಲನ್ನು ಬಡಿದು ನೋಡಿ, "ಪರವಾಗಿಲ್ಲ" ಅಂದರು, ಪಾಸಾದ ಹುಡುಗನಿಗೆ ಹೇಳುವ ಹಾಗೆ.

ನಮ್ಮ ಟೆರೇಸಿನ ಗಿಡವನ್ನು ನೋಡಿ ಮಾತ್ರ ಫೇಲು ಮಾಡಿದರು. "ಬಿಸಿಲಿಗೆ ಹಾಕಿ ಕೊಂದಿದ್ದೀಯಲ್ಲೇ. ಇದು ಮರದ ಮೇಲೆ ನೆರಳಲ್ಲಿ ಬೆಳೆಯೋ ಕಳ್ಳಿ." ಆಮೇಲೆ ಹತ್ತು ನಿಮಿಷ ಪಾಠ. ಇದು ಬ್ರಹ್ಮಕಮಲವೇ ಅಲ್ಲ. ನಿಜವಾದ್ದು ಹಿಮಾಲಯದ್ದು, ಉತ್ತರಾಖಂಡದ ರಾಜ್ಯಪುಷ್ಪ. ಇದು ಮೆಕ್ಸಿಕೋ ಕಡೆಯ ಕಳ್ಳಿ, ರಾತ್ರಿ ಪತಂಗಕ್ಕಾಗಿ ಅರಳುವುದು, ಅದಕ್ಕೇ ಬಿಳಿ, ಅದಕ್ಕೇ ಪರಿಮಳ. ಈ ಪಾಠವನ್ನು ಅಮ್ಮ ನಲವತ್ತು ವರ್ಷ ಕೇಳಿ ನಲವತ್ತು ವರ್ಷವೂ ಹೂವಿಗೆ ಕುಂಕುಮ ಹಚ್ಚಿದ್ದಳು. ಅಪ್ಪಯ್ಯ ಡಬ್ಬವನ್ನು ನೀರಿನ ಟ್ಯಾಂಕಿನ ನೆರಳಿಗೆ ಸರಿಸಿದರು, ನಮ್ಮ ಕಾಫಿಯ ಚರಟವನ್ನೆಲ್ಲ ಬುಡಕ್ಕೆ ಹಾಕಿದರು. ಜೂನ್ ಮುಗಿಯುವಷ್ಟರಲ್ಲಿ ಐದು ಮೊಗ್ಗು.

ಇಲ್ಲಿಂದ ಕ್ಯಾಮೆರಾದ ಕಥೆ. ಅಣ್ಣನ ಮಗ ಬೈಕಿನಲ್ಲಿ ಲಡಾಖಿಗೆ ಹೋಗುವಾಗ ಹೆಲ್ಮೆಟ್ಟಿಗೆ ಕಟ್ಟಿಕೊಂಡಿದ್ದ ಆಕ್ಷನ್ ಕ್ಯಾಮೆರಾ ಅದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಹೊಸದು ಕೊಂಡ ಮೇಲೆ ಹಳೆಯದನ್ನು "ಅತ್ತೆ, ನೀನಿಟ್ಕೋ" ಎಂದು ನನಗೆ ದಾಟಿಸಿದ್ದ. ಅದರಲ್ಲಿ ಟೈಮ್‌ಲ್ಯಾಪ್ಸ್ ಎಂಬ ವಿದ್ಯೆ ಇದೆಯೆಂದು ನನಗೆ ಗೊತ್ತಿತ್ತು: ಇಷ್ಟು ಹೊತ್ತಿಗೊಂದು ಫೋಟೋ ತಾನೇ ತೆಗೆಯುತ್ತ ಹೋಗುವುದು, ಆಮೇಲೆ ಅವನ್ನೆಲ್ಲ ಸೇರಿಸಿ ಸೆಕೆಂಡಿಗೆ ಮೂವತ್ತರಂತೆ ಓಡಿಸಿದರೆ ರಾತ್ರಿಯಿಡೀ ನಡೆದದ್ದು ಚಿಟಿಕೆ ಹೊಡೆಯುವಷ್ಟರಲ್ಲಿ ನಡೆಯುತ್ತದೆ. ಲಂಡನ್ನಿನ ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತನಾಗಿದ್ದ ಪರ್ಸಿ ಸ್ಮಿತ್ ಎಂಬಾತ 1910ರಲ್ಲೇ ಹೀಗೆ ಹೂಗಳು ಅರಳುವ ಸಿನಿಮಾ ಮಾಡಿದ್ದ. ಗುಮಾಸ್ತನೊಬ್ಬ ನೂರು ವರ್ಷದ ಹಿಂದೆ ಮಾಡಿದ್ದನ್ನು, ತರಮಣಿಯ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡಿ ಸಂಬಳ ತಗೊಳ್ಳುವ ನಾನು ಮಾಡಲಾರೆನೇ? ಜೊತೆಗೆ ಒಂದು ಕಾರಣವೂ ಇತ್ತು. ಅಪ್ಪಯ್ಯ ಒಂಬತ್ತಕ್ಕೆ ಮಾತ್ರೆ ನುಂಗಿದರೆ ಒಂಬತ್ತೂವರೆಗೆ ನಿದ್ದೆ. ಈ ಹೂ ಪೂರ್ತಿ ಅರಳುವುದು ಹನ್ನೊಂದರ ಮೇಲೆ.

ಮೊದಲ ಮೊಗ್ಗು ತಲೆಯೆತ್ತಿದ ದಿನ, ("ತಲೆ ಎತ್ತಿದೆ, ಇವತ್ತು ರಾತ್ರಿ ಗ್ಯಾರಂಟಿ" ಅಂದವರು ಅಪ್ಪಯ್ಯ), ಸಂಜೆ ಏಳಕ್ಕೆ ಕ್ಯಾಮೆರಾ ಹಚ್ಚಿಟ್ಟೆ. ಇಬ್ಬರೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸ್ವಲ್ಪ ಹೊತ್ತು ಕೂತೆವು. ಎಂಟಕ್ಕೆ ಊಟಕ್ಕೆ ಇಳಿದೆವು. "ಕ್ಯಾಮೆರಾ ನೋಡ್ಕೊಳ್ತದಲ್ಲ" ಎಂದು ಅಪ್ಪಯ್ಯ ಮಲಗಿದರು. ಬೆಳಿಗ್ಗೆ ಬೇಗ ಮೀಟಿಂಗ್ ಇದ್ದದ್ದರಿಂದ ನಾನೂ ಮಲಗಿದೆ. ಬೆಳಿಗ್ಗೆ ಹೋಗಿ ನೋಡಿದರೆ ಹೂ ಒದ್ದೆ ಕರವಸ್ತ್ರದ ಹಾಗೆ ಜೋತುಬಿದ್ದಿತ್ತು. ಕ್ಯಾಮೆರಾ ಕಾರ್ಡ್ ತುಂಬಿದೆ ಎನ್ನುತ್ತಿತ್ತು. ತುಂಬಿದ್ದು ಏಳು ಗಂಟೆ ಐವತ್ಮೂರು ನಿಮಿಷಕ್ಕೆ!

ನಡುವಿನ ಮುನ್ನೂರು ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಸಮಯ ನೋಡಿದಾಗ ಕಾರಣ ಗೊತ್ತಾಯಿತು. ಇಂಟರ್‌ವಲ್, ಅಂದರೆ ಎರಡು ಫೋಟೋಗಳ ನಡುವಿನ ಬಿಡುವು, ಅರ್ಧ ಸೆಕೆಂಡಿನಲ್ಲೇ ನಿಂತಿತ್ತು. ಬೈಕಿನವರಿಗೆ ಅದು ಸರಿ. ಹೂವಿಗೆ? ಗಂಟೆಗೆ ಏಳು ಸಾವಿರದ ಇನ್ನೂರು ಫೋಟೋ. ಒಂದೊಂದು ಐದು ಎಂಬಿ. ಮೂವತ್ತೆರಡು ಜಿಬಿ ಕಾರ್ಡು ಒಂದು ಗಂಟೆಯೂ ಬಾಳಲಿಲ್ಲ. ಮನೆಯಲ್ಲಿ ಇಬ್ಬರು ಮನುಷ್ಯರಿದ್ದೂ ಹತ್ತು ವರ್ಷ ಕಾದ ಮೊದಲ ಹೂವನ್ನು ಯಾರೂ ನೋಡಲಿಲ್ಲ. ಟೆಸ್ಟಿಂಗಿನಲ್ಲಿ ನಾವು ದಿನಾ ಹೇಳುವ ಮಾತು, ಮೊದಲು ಸೆಟ್ಟಿಂಗ್ ನೋಡಿ ಎಂದು. ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆ. ಇಂಟರ್‌ವಲ್ ಮೂವತ್ತು ಸೆಕೆಂಡಿಗೆ ಇಟ್ಟೆ.

ಎರಡನೇ ಮೊಗ್ಗಿನ ದಿನ ಮೋಡ. ಮಳೆ ಬಂದರೆ ಎಂದು ಕ್ಯಾಮೆರಾವನ್ನು ನೀರು ಹೋಗದ ಡಬ್ಬಿಯೊಳಗೆ ಹಾಕಿ, ಹೂವಿಗೆ ಅರ್ಧ ಅಡಿ ಹತ್ತಿರ ತಂದು ನಿಲ್ಲಿಸಿದೆ. ಅಷ್ಟು ಹತ್ತಿರ ಯಾಕೆಂದರೆ ಈ ಕ್ಯಾಮೆರಾದ ಕಣ್ಣು ಮೀನಿನ ಕಣ್ಣಿನ ಹಾಗೆ ಅಗಲ; ಮೊದಲ ದಿನ ಹೂವಿನ ಜೊತೆ ಟ್ಯಾಂಕು, ಕುರ್ಚಿ, ಪಕ್ಕದ ಮನೆಯ ಬಟ್ಟೆ ಎಲ್ಲ ಬಂದಿತ್ತು. ಹನ್ನೊಂದಕ್ಕೆ ಅಪ್ಪಯ್ಯನನ್ನು ಎಬ್ಬಿಸಿ ಮೇಲೆ ಕರೆತಂದೆ. ನಿದ್ದೆಗಣ್ಣಿನಲ್ಲಿ ಒಂದು ಕ್ಷಣ ನಿಂತು, "ನಿನ್ನಮ್ಮ ಇದ್ದಿದ್ರೆ ಬೀದಿಯವರನ್ನೆಲ್ಲ ಕರೀತಿದ್ಲು" ಎಂದು ಇಳಿದು ಹೋದರು. ಕೆಳಗಿನ ಮನೆಯ ಮಾಮಿ ಮಾತ್ರ ಕರೆಯದೆಯೇ ಬಂದರು. "ನಿಶಾಗಂಧಿ! ಎವ್ವಳವು ಅಳಗು!" ಎಂದು ಕೈ ಮುಗಿದರು. ಅಪ್ಪಯ್ಯನ ಪಾಠ ತಮಿಳಿನಲ್ಲಿ ಹೇಳಲು ನನಗೆ ಬರುವುದಿಲ್ಲವಾದ್ದರಿಂದ ಮಾಮಿ ಬಚಾವಾದರು.

ಬೆಳಿಗ್ಗೆ ನೋಡಿದರೆ ಎಲ್ಲ ಫೋಟೋಗಳಲ್ಲೂ ಬೆಳ್ಳಗಿನ ಹೊಗೆ. ಏಸಿ ಇರುವ ಕೋಣೆಯಿಂದ ತಣ್ಣಗಿದ್ದ ಕ್ಯಾಮೆರಾವನ್ನು ತಂದು ಚೆನ್ನೈಯ ಜುಲೈಗೆ ಇಟ್ಟರೆ, ತಣ್ಣೀರಿನ ಲೋಟದ ಮೈಗೆ ಬೆವರು ಕೂರುವ ಹಾಗೆ, ಡಬ್ಬಿಯ ಗಾಜಿಗೆ ಹಬೆ ಕೂತಿತ್ತು. ಹಬೆ ಇಲ್ಲದಿದ್ದರೂ ಪ್ರಯೋಜನವಿರಲಿಲ್ಲ. ಈ ಕ್ಯಾಮೆರಾಗಳ ಫೋಕಸ್ ಬದಲಾಗುವುದಿಲ್ಲ. ಒಂದು ಅಡಿಗಿಂತ ಹತ್ತಿರ ಇದ್ದದ್ದೆಲ್ಲ ಮಸುಕು. ಸಾಲದ್ದಕ್ಕೆ ಬ್ಯಾಟರಿ ಎರಡು ಗಂಟೆಗೇ ಪ್ರಾಣ ಬಿಟ್ಟಿತ್ತು.

"ಹಬೆ ಯಾಕೆ ಬಂತು, ಎಂಟನೇ ಕ್ಲಾಸಿನ ಪಾಠ ಅಲ್ವನೇ ಅದು?" ಎಂದರು ಅಪ್ಪಯ್ಯ.

ಮೂರನೆಯ ಸಲಕ್ಕೆ ಕ್ಯಾಮೆರಾವನ್ನು ಸಂಜೆ ಐದಕ್ಕೇ ಟೆರೇಸಿನಲ್ಲಿಟ್ಟು ಹೊರಗಿನ ಸೆಕೆಗೆ ಒಗ್ಗಿಸಿದೆ. ಡಬ್ಬಿ ಬೇಡ ಎಂದು ತೆಗೆದೆ. ಮೆಟ್ಟಿಲ ಹತ್ತಿರದ ಪ್ಲಗ್ಗಿನಿಂದ ವೈರು ಎಳೆದು ಚಾರ್ಜರಿಗೆ ಕೊಟ್ಟೆ. ಬ್ಯಾಟರಿ ಒಳಗಿದ್ದು ಚಾರ್ಜೂ ಆಗುತ್ತ ಕೆಲಸವೂ ಆಗುತ್ತಿದ್ದರೆ ಕ್ಯಾಮೆರಾ ಕಾದು ನಿಂತುಬಿಡುತ್ತದೆ, ಹಗಲಿನಲ್ಲಿ ಪ್ರಯೋಗ ಮಾಡಿ ನೋಡಿದ್ದೆ. ಹಾಗಾಗಿ ಬ್ಯಾಟರಿ ತೆಗೆದು ಬರೀ ವೈರಿನ ಮೇಲೆ ಓಡಿಸಿದೆ. ಹೂವಿಗೆ ಒಂದೂವರೆ ಅಡಿ ದೂರ. ನಾನೂ ಪಕ್ಕದಲ್ಲೇ ಲ್ಯಾಪ್‌ಟಾಪು ಹಿಡಿದು ಕೂತೆ. ಹತ್ತೂ ನಲವತ್ತಕ್ಕೆ ಕರೆಂಟು ಹೋಯಿತು.

ಹತ್ತೂ ನಲವತ್ತರವರೆಗೆ ಆದದ್ದೂ ಚೆನ್ನಾಗಿರಲಿಲ್ಲ. ಮಾಮಿ ಹಾಕಿಸಿದ ಮೆಟ್ಟಿಲಿನ ದೀಪ, ಯಾರಾದರೂ ಓಡಾಡಿದರೆ ತಾನೇ ಹತ್ತುವಂಥದು. ಅದು ಹತ್ತಿದಾಗಲೆಲ್ಲ ಕ್ಯಾಮೆರಾ ತನ್ನ ಬುದ್ಧಿ ಓಡಿಸಿ ಬೆಳಕು ಕಡಿಮೆ ಮಾಡುವುದು, ಆರಿದಾಗ ಹೆಚ್ಚಿಸುವುದು. ಒಂದು ಫೋಟೋದಲ್ಲಿ ಹೂ ಬೆಳ್ಳಗೆ, ಮುಂದಿನದರಲ್ಲಿ ಅರಿಸಿನ. ಓಡಿಸಿದರೆ ಊರ ಜಾತ್ರೆಯ ಸೀರಿಯಲ್ ಲೈಟು. ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಬ್ಯಾಟರಿ ತೆಗೆದಾಗ ಕ್ಯಾಮೆರಾದೊಳಗಿನ ಗಡಿಯಾರ ಕಾರ್ಖಾನೆಯ ತಾರೀಖಿಗೆ ಹೋಗಿಬಿಟ್ಟಿತ್ತು. ಆ ರಾತ್ರಿಯ ಫೋಟೋಗಳೆಲ್ಲ 2016ರ ಜನವರಿ ಒಂದರಂದು ತೆಗೆದವು ಎಂದು ತೋರಿಸುತ್ತಿದ್ದವು. ನಾನು ಸ್ವಲ್ಪ ಹೊತ್ತು ಆ ತಾರೀಖನ್ನೇ ನೋಡುತ್ತಿದ್ದೆ. ಆ ದಿನ ಫೋನ್ ಮಾಡಿದ್ದರೆ ಅಮ್ಮ ಎತ್ತುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅಪ್ಪಯ್ಯನಿಗೆ ಇಂಟರ್‌ವಲ್ ಎಂದರೇನೆಂದು ವಿವರಿಸುತ್ತಿದ್ದೆ. ಬಿಡುವು ಚಿಕ್ಕದಾದರೆ ಏನೂ ನಡೆದ ಹಾಗೆ ಕಾಣುವುದಿಲ್ಲ, ದೊಡ್ಡದಾದರೆ ಎಲ್ಲವೂ ಕಣ್ಣೆದುರೇ ಬದಲಾಗುತ್ತದೆ ಎಂದೆ. ಹೇಳುತ್ತ ಹೇಳುತ್ತ ಮಾತು ನಿಂತಿತು.

2022ರ ಯುಗಾದಿಗೆ ಊರಿಗೆ ಹೋದಾಗ ಅಮ್ಮನನ್ನು ನೋಡಿ ನನಗೆ ದಿಗಿಲಾಗಿತ್ತು. ಹಿಂದೆ ದೀಪಾವಳಿಗೆ ನೋಡಿದ್ದು. ಐದು ತಿಂಗಳಲ್ಲಿ ಬಳೆ ಮುಂಗೈಯಿಂದ ಮೊಣಕೈಗೆ ಜಾರುವಷ್ಟು ಇಳಿದುಹೋಗಿದ್ದಳು. ಅಣ್ಣನಿಗೆ ಹೇಳಿದೆ. "ನಾವು ದಿನಾ ನೋಡ್ತೀವಲ್ಲೇ, ಏನೂ ಆಗಿಲ್ಲ, ವಯಸ್ಸು" ಅಂದ. ಅವನು ಸುಳ್ಳು ಹೇಳಲಿಲ್ಲ. ದಿನಾ ನೋಡುವವರಿಗೆ ಅದು ಕಾಣುವುದಿಲ್ಲ. ವರ್ಷಕ್ಕೆ ಮೂರು ಸಲ ಬಂದು ಹೋಗುವ ನನಗೆ ಕಂಡಿತ್ತು. ಕಂಡೂ, ದಿನಾ ನೋಡುವವರಿಗೇ ಹೆಚ್ಚು ಗೊತ್ತು, ದೂರದಿಂದ ಬಂದವಳು ಯಜಮಾನಿಕೆ ಮಾಡಬಾರದು ಎಂದುಕೊಂಡು ಬ್ರಹ್ಮಕಮಲದ ಗಿಡಕ್ಕೆ ನೀರು ಹಾಕಿ ಬಸ್ಸು ಹತ್ತಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಜೂನಿನಲ್ಲಿ. ಪರಊರಿನಲ್ಲಿರುವವರಿಗೆ ಈ ಕಣ್ಣು ಬೇಡವೆಂದರೂ ಬರುತ್ತದೆ. ಅದನ್ನು ನಂಬುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಅಪ್ಪಯ್ಯ ನನ್ನ ಮುಖ ನೋಡಿ, "ಕಾಫಿ ಆರಿತು" ಅಂದರು.

ನಾಲ್ಕನೇ ಮೊಗ್ಗು ಅರಳದೆ ಉದುರಿತು. ಉಳಿದದ್ದು ಒಂದು, ಇನ್ನೂ ಎಳೆಯದು. ಅಮ್ಮನ ತಿಥಿ ಬಂತು. ನನಗೆ ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಕೇಳಿದ್ದರೆ ಸಿಗುತ್ತಿತ್ತೋ ಏನೋ. ಅಪ್ಪಯ್ಯನನ್ನು ಬೆಳಗಿನ ಬೃಂದಾವನ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿದೆ. ಬೆಂಗಳೂರಿನಲ್ಲಿ ಅಣ್ಣನ ಮಗ ಕಾದಿದ್ದು ರಾತ್ರಿ ಬಸ್ಸಿಗೆ ಹತ್ತಿಸುವುದೆಂದು ಏರ್ಪಾಡು. ರೈಲು ಹೊರಡುವ ಮುಂಚೆ ಕಿಟಕಿಯಿಂದ, "ಕೊನೇದಕ್ಕೆ ನೀನೇ ಎಚ್ಚರ ಇರು. ಯಂತ್ರಕ್ಕೆ ಬಿಡಬೇಡ" ಎಂದರು.

ಐದನೆಯದು ತಲೆಯೆತ್ತಿದ್ದು ಅವರು ಹೋದ ಮೂರನೇ ದಿನ. ಈ ಸಲ ನಾನು ಆಫೀಸಿನಲ್ಲಿ ಮಾಡುವ ಹಾಗೆ ಚೀಟಿ ಬರೆದುಕೊಂಡು ಹೋದೆ. ಕರೆಂಟು ನಂಬದೆ ದೊಡ್ಡ ಪವರ್ ಬ್ಯಾಂಕು. ತಾರೀಖು ಹೊಸದಾಗಿ ತುಂಬಿಸಿದ್ದು. ಬೆಳಕು, ಬಣ್ಣ ಎರಡನ್ನೂ ಕ್ಯಾಮೆರಾದ ಬುದ್ಧಿಗೆ ಬಿಡದೆ ನಾನೇ ಕಟ್ಟಿಹಾಕಿದ್ದು: ಐಎಸ್‌ಒ ಇಷ್ಟು, ವೈಟ್ ಬ್ಯಾಲೆನ್ಸ್ ಇಷ್ಟು, ಬದಲಾಯಿಸಕೂಡದು. ಮಾಮಿಯನ್ನು ಕೇಳಿ ಮೆಟ್ಟಿಲಿನ ದೀಪ ಆರಿಸಿ, ಒಂದು ಮೇಜಿನ ದೀಪವನ್ನು ಒಂದೇ ಕಡೆ ನಿಲ್ಲಿಸಿದ್ದು. ಎಲ್‌ಇಡಿ ದೀಪ ನಮ್ಮ ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತಿರುತ್ತದೆ. ಷಟರ್ ಐವತ್ತರಲ್ಲೊಂದು ಸೆಕೆಂಡಿಗಿಟ್ಟರೆ ಪಟ್ಟೆ ಬರುವುದಿಲ್ಲ ಎಂಬುದನ್ನೂ ಅಷ್ಟರಲ್ಲಿ ಕಲಿತಿದ್ದೆ. ಲೆನ್ಸಿನ ಮೇಲಿನ ಉಪ್ಪುಗಾಳಿಯ ಜಿಡ್ಡನ್ನು ಒರೆಸಿದೆ. ಸಂಜೆ ಏಳಕ್ಕೆ ಶುರು.

ಎಚ್ಚರ ಇರು ಎಂದಿದ್ದಕ್ಕೆ ಎಚ್ಚರ ಇದ್ದೆ. ಎಂಟಕ್ಕೆ ತೊಟ್ಟಿನ ಕಡೆಯ ಕೆಂಪು ಎಳೆಗಳು ಒಂದೊಂದಾಗಿ ಬಿಟ್ಟುಕೊಂಡವು. ಒಂಬತ್ತರ ಹೊತ್ತಿಗೆ ಬಾಯಿ ಸ್ವಲ್ಪ ತೆರೆದು, ಒಳಗಿನ ಬಿಳುಪು ಕಂಡಿತು. ನೋಡುತ್ತಿದ್ದರೆ ಚಲಿಸುವುದೇ ಇಲ್ಲ. ನೀರು ಕುಡಿದು ಬಂದರೆ ಹಿಂದಿಗಿಂತ ದೊಡ್ಡದಾಗಿದೆ. ಹತ್ತರ ಮೇಲೆ ವಾಸನೆ ಟೆರೇಸು ತುಂಬಿತು. ಅಡ್ಯಾರಿನ ಹೊಳೆಯ ವಾಸನೆಯನ್ನೂ ಅದು ಸ್ವಲ್ಪ ಹೊತ್ತು ಸೋಲಿಸಿತೆಂದರೆ ನೀವು ನಂಬಬೇಕು. ಹನ್ನೆರಡಕ್ಕೆ ಪೂರ್ತಿ. ಮಾಮಿ ಬಂದು ಕುಂಕುಮ ಹಚ್ಚಿದರು. ಫ್ರೇಮಿನಲ್ಲಿ ಅವರ ಕೈ ಬರುತ್ತದೆ ಎಂದು ತಡೆಯಲು ಹೋಗಿ, ಸುಮ್ಮನಾದೆ. ಬೆಳಗಿನ ಜಾವ ಮೂರಕ್ಕೆ ನಿಲ್ಲಿಸಿದೆ. ಎಂಟು ಗಂಟೆ, ಒಂಬೈನೂರ ಅರವತ್ತು ಫೋಟೋ, ಒಂದೂ ಕೆಟ್ಟಿಲ್ಲ. ಸೇರಿಸಿದರೆ ಮೂವತ್ತೆರಡು ಸೆಕೆಂಡು. ಹೂ ನಿಟ್ಟುಸಿರು ಬಿಟ್ಟ ಹಾಗೆ ಅರಳುತ್ತದೆ, ನಡುವೆ ಒಂದು ಕೈ ಮಿಂಚಿದ ಹಾಗೆ ಬಂದು ಕೆಂಪು ಬೊಟ್ಟು ಇಟ್ಟು ಹೋಗುತ್ತದೆ.

ತಿಥಿಯ ದಿನ ವಾಟ್ಸಾಪಿನಲ್ಲಿ ಕಳಿಸಿದೆ. ಬಂದ ನೆಂಟರೆಲ್ಲ ನೋಡಿದರಂತೆ. ಚಿಕ್ಕಮ್ಮ ಅತ್ತರಂತೆ. ಸಂಜೆ ಅಪ್ಪಯ್ಯನ ಫೋನ್ ಬಂತು.

"ನೋಡ್ದೆ. ಚೆನ್ನಾಗಿದೆ. ಆದ್ರೆ ಮುಗಿದೇ ಹೋಯ್ತಲ್ಲೇ."

"ಟೈಮ್‌ಲ್ಯಾಪ್ಸ್ ಅಂದ್ರೆ ಹಾಗೇ ಅಲ್ವಾ ಅಪ್ಪಯ್ಯ."

"ಅದು ಗೊತ್ತು. ನಾವಿಬ್ರೂ ಕೂತಿದ್ವಲ್ಲ ಮೊದಲ್ನೇ ದಿನ, ಕಾರ್ಡು ತುಂಬಿದ್ದು, ಅದನ್ನ ಕಳ್ಸು."

"ಅದ್ರಲ್ಲಿ ಹೂವೇ ಅರಳಿಲ್ಲ."

"ಇರ್ಲಿ. ಅದನ್ನ ಕಳ್ಸು."

ಕಾರ್ಡು ಫಾರ್ಮ್ಯಾಟ್ ಮಾಡಿದ್ದು ಆಗ ನೆನಪಾಯಿತು. ಅದರ ಮೇಲೆ ಮೂರು ರಾತ್ರಿಗಳು ಬಂದು ಕೂತಿದ್ದವು. ಆರು ಸಾವಿರಕ್ಕೂ ಮೇಲಿದ್ದ ಫೋಟೋಗಳಲ್ಲಿ ಉಳಿದದ್ದು ಸಮಯ ನೋಡಲು ಲ್ಯಾಪ್‌ಟಾಪಿಗೆ ಹಾಕಿಕೊಂಡ ಮುನ್ನೂರು ಮಾತ್ರ. ಸೆಕೆಂಡಿಗೆ ಮೂವತ್ತರಂತೆ ಓಡಿಸಿದರೆ ಹತ್ತು ಸೆಕೆಂಡು, ಏನೂ ಕಾಣುವುದಿಲ್ಲ. ಅರ್ಧ ಸೆಕೆಂಡಿಗೊಂದು ತೆಗೆದದ್ದಲ್ಲವೇ, ಸೆಕೆಂಡಿಗೆ ಎರಡರಂತೆ ಜೋಡಿಸಿದೆ. ಎರಡೂವರೆ ನಿಮಿಷ. ಆವತ್ತು ನಡೆದಷ್ಟೇ ಹೊತ್ತು.

ಮೂಲೆಯಲ್ಲಿ ಮೊಗ್ಗು, ಅಲುಗಾಡದೆ. ಹಿಂದೆ ಎರಡು ಪ್ಲಾಸ್ಟಿಕ್ ಕುರ್ಚಿ. ಅಪ್ಪಯ್ಯ ಪಂಚೆಯ ತುದಿಯಿಂದ ಕನ್ನಡಕ ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ, ಗಿಡದ ಕಡೆ ಬೆರಳು ತೋರಿಸಿ ಏನೋ ಹೇಳುತ್ತಾರೆ. ಎರಡು ಕೈಗಳನ್ನು ಅಗಲಿಸಿ ಏನೋ ಅಳತೆ ತೋರಿಸುತ್ತಾರೆ. ನಗುತ್ತಾರೆ. ಪಕ್ಕದ ಕುರ್ಚಿಯಲ್ಲಿ ನಾನು ಫೋನು ನೋಡುತ್ತಿದ್ದೇನೆ. ನೀಲಿ ಬೆಳಕು ಮುಖದ ಮೇಲೆ ಬಿದ್ದಿದೆ. ಇನ್ನೂರ ಹನ್ನೊಂದನೆಯ ಫೋಟೋದಲ್ಲಿ ತಲೆ ಎತ್ತಿದ್ದೇನೆ, ಇನ್ನೂರ ಹದಿನಾರನೆಯದರಲ್ಲಿ ಮತ್ತೆ ಫೋನಿನಲ್ಲಿದ್ದೇನೆ.

ಕಳಿಸಬಾರದು ಅನ್ನಿಸಿತು. ಕಳಿಸಿದೆ.

ಮರುದಿನ ಬೆಳಿಗ್ಗೆ ಅವರೇ ಮಾಡಿದರು. "ಬಂತು ಮಾರಾಯ್ತಿ. ಮಾತು ಕೇಳ್ಸೋದಿಲ್ಲ ಇದ್ರಲ್ಲಿ."

"ಬರೀ ಫೋಟೋ ಅಲ್ವಾ, ಧ್ವನಿ ಇರಲ್ಲ. ಏನು ಹೇಳ್ತಿದ್ರಿ ಅಪ್ಪಯ್ಯ ಆವತ್ತು? ಕೈ ಅಗಲಿಸಿ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಹಿಂದೆ ಅಂಗಳದಲ್ಲಿ ಮಳೆ ಹೊಯ್ಯುವುದು ಕೇಳುತ್ತಿತ್ತು.

"ನೆನಪಿಲ್ಲ. ನಿನ್ನಮ್ಮನ ಗಿಡದ ವಿಷ್ಯ ಇರ್ಬೇಕು. ಹೋಗ್ಲಿ, ಆ ಒಣಗಿದ ಹೂವನ್ನ ಕಿತ್ತು ಹಾಕಿದ್ಯಾ? ಹಾಗೇ ಬಿಟ್ರೆ ಮುಂದಿನ ಮೊಗ್ಗಿಗೆ ಶಕ್ತಿ ಸಾಲೋದಿಲ್ಲ."

ಇಲ್ಲ, ಕಿತ್ತಿಲ್ಲ ಎಂದೆ. ಫೋನ್ ಹಿಡಿದುಕೊಂಡೇ ಟೆರೇಸಿನ ಮೆಟ್ಟಿಲು ಹತ್ತಿದೆ.